ಮೊದಲು ಲೆಕ್ಕ ಚುಕ್ತಾ, ಆಮೇಲೆ ಮದುವೆಯ ಮಾತು: ನನ್ನ ಅನುಭವ

ಮದುವೆಯಾಗದೆ ಒಂದೇ ಮನೆಯಲ್ಲಿ ಏಳೆಂಟು ವರ್ಷ ಇದ್ದ ನಾವಿಬ್ಬರು, ಆಗಬೇಕೋ ಬೇಡವೋ ಅನ್ನುವುದನ್ನು ಕೊನೆಗೆ ಒಂದು ಬೆಳೆವರ್ಷದಲ್ಲಿ ತೀರ್ಮಾನ ಮಾಡಿದೆವು. ಬೇರೆಯಾದರೆ ಯಾರಿಗೆ ಎಷ್ಟು ಅನ್ನುವುದನ್ನು ಮೊದಲು ಕಾಗದದಲ್ಲಿ ಚುಕ್ತಾ ಮಾಡಿ, ಆಮೇಲೆ ಮದುವೆಯ ಮಾತಾಡಿದ ಆ ರೀತಿ ಕೇಳಿ ಆಗ ತಲೆಯಾಡಿಸಿದವರೇ ಹೆಚ್ಚು. "ಬಿಡುವ ಲೆಕ್ಕ ಹಾಕಿ ಕೂತವರು ಕಟ್ಟಿಕೊಳ್ತಾರಾ ಮಗಾ?" ಅಂತ ಅವನ ದೊಡ್ಡಪ್ಪ ಕೇಳಿದರು. ಮಡಿಕೇರಿಯ ವಕೀಲರೊಬ್ಬರು, "ಇಷ್ಟು ಕಾಗದ ಮಾಡಿಸಿದ ಜೋಡಿ ವರ್ಷದೊಳಗೆ ಬೇರೆಯಾಗುತ್ತೆ ನೋಡಿ" ಅಂದರು. ಬೇರೆಯಾಗಲಿಲ್ಲ. 2024ರಲ್ಲಿ ರಿಜಿಸ್ಟರ್ ಆಯಿತು. ಆಮೇಲೆ ನಮ್ಮ ಹಾಗೆಯೇ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನಿಂದ ವಾಪಸ್ ಬಂದು ತೋಟ, ಹೋಮ್‌ಸ್ಟೇ ಅಂತ ಜೊತೆಗೇ ಇರುವ ಒಂದಷ್ಟು ಜೋಡಿಗಳು ಬಂದು ಕೇಳಿದರು. ಪ್ರತಿ ಸಲ ಕಾಫಿ ಕಾಯಿಸಿ ಮೊದಲಿನಿಂದ ಹೇಳುವುದಕ್ಕಿಂತ ಬರೆದಿಡುವುದು ಮೇಲು. ಈ ವಿಷಯದಲ್ಲಿ ನಮ್ಮಷ್ಟು ಲೆಕ್ಕ ಇಟ್ಟವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಜೊತೆಗಿರುವುದು ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿಲ್ಲ. ಕಾನೂನೂ ನಿಮಗೆಲ್ಲ ಗೊತ್ತಿರುವುದೇ. ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುವ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಎಂಥ ಸಹಬಾಳ್ವೆ ಅದರಡಿ ಬರುತ್ತದೆ ಅಂತ ಹೇಳಿದ ಸುಪ್ರೀಂ ಕೋರ್ಟಿನ 2010ರ ವೇಲುಸಾಮಿ ತೀರ್ಪು, 2013ರ ಇಂದ್ರಾ ಶರ್ಮ ತೀರ್ಪು ಇವನ್ನೆಲ್ಲ ನೀವು ಓದಿರುತ್ತೀರಿ. ಒಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ, ಯಾಕಂದರೆ ಗೋಣಿಕೊಪ್ಪದ ಸಂತೆಯಲ್ಲೂ ಈ ಮಾತು ಕೇಳಿದ್ದೇನೆ: "ಇಷ್ಟು ವರ್ಷ ಒಟ್ಟಿಗಿದ್ದರೆ ತಾನಾಗಿ ಮದುವೆಯಾದ ಹಾಗೆ." ಅಂಥ ವರ್ಷದ ಲೆಕ್ಕ ನಮ್ಮ ಯಾವ ಕಾಯ್ದೆಯಲ್ಲೂ ಇಲ್ಲ. ದೀರ್ಘಕಾಲ ಗಂಡ ಹೆಂಡತಿಯಂತೆ ಬಾಳಿದವರನ್ನು ಕೋರ್ಟು ದಂಪತಿ ಎಂದು ಭಾವಿಸಿದ್ದುಂಟು. 1978ರ ಬದ್ರಿ ಪ್ರಸಾದ್ ಪ್ರಕರಣದಲ್ಲಿ ಆ ಇಬ್ಬರು ಐವತ್ತು ವರ್ಷ ಒಟ್ಟಿಗಿದ್ದರು. ಅದನ್ನು ನಂಬಿಕೊಂಡು ಕೂರುವ ವಯಸ್ಸು ನಮ್ಮದಲ್ಲ.

ನಾನು ಸೋಮವಾರಪೇಟೆ ಕಡೆಯವಳು, ಅವನು ಪೊನ್ನಂಪೇಟೆ ಕಡೆಯ ಕೊಡವ. ಬೆಂಗಳೂರಿನಲ್ಲಿ ಒಂದೇ ಕಂಪನಿ, ಆಮೇಲೆ ಒಂದೇ ಮನೆ. 2020ರಲ್ಲಿ ಅವನ ಪಾಲಿಗೆ ನೋಡಿಕೊಳ್ಳಲು ಬಿಟ್ಟಿದ್ದ ನಾಲ್ಕೈದು ಎಕರೆ ರೋಬಸ್ಟಾ ಕಾಫಿ ತೋಟಕ್ಕೆ ಬಂದೆವು. ಆಳುಗಳಿಗಾಗಿ ಕಟ್ಟಿದ್ದ ಹಳೆಯ ಲೈನ್ ಮನೆ ರಿಪೇರಿ ಮಾಡಿ ಎರಡು ಕೋಣೆಯ ಹೋಮ್‌ಸ್ಟೇ ಮಾಡಿದೆವು. ಅಲ್ಲಿಗೆ ಬರುವವರೆಗೆ ಮದುವೆ ಅನ್ನುವುದು ಯಾವಾಗಲಾದರೂ ಆಡಬಹುದಾದ ಮಾತಾಗಿತ್ತು. ತೋಟಕ್ಕೆ ಬಂದ ಮೇಲೆ ಸುತ್ತಲಿನವರೆಲ್ಲ ಕೇಳತೊಡಗಿದರು, ನಾವೂ ಒಬ್ಬರನ್ನೊಬ್ಬರು ಕೇಳಿಕೊಳ್ಳತೊಡಗಿದೆವು.

ಕೆಲಸ ಮಾಡದ ವಿಧಾನಗಳನ್ನು ಮೊದಲು ಹೇಳುತ್ತೇನೆ. ನಿಮಗೆ ಇವುಗಳ ಮೇಲೆಯೇ ಹೆಚ್ಚು ಹಣ ಹೋಗುವುದು.

ಎಲ್ಲರೂ ಮಾಡುವ ಹಾಗೆ ನಾವೂ ಒಂದು ಹಾಳೆಯ ಎಡಕ್ಕೆ ಲಾಭ, ಬಲಕ್ಕೆ ನಷ್ಟ ಬರೆದೆವು. ಎರಡೂ ಕಡೆ ತುಂಬಿತು. ನನಗೆ ಹತ್ತು ತೂಗುವ ಸಾಲು ಅವನಿಗೆ ಅರ್ಧ ತೂಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ, ಇಬ್ಬರೂ ಒಂದೇ ಹಾಳೆಯಲ್ಲಿ ಬರೆಯುವಾಗ ಎದುರಿಗಿರುವವರು ಓದುತ್ತಾರೆ ಅನ್ನುವ ಎಚ್ಚರದಲ್ಲಿ ಬರೆಯುತ್ತೇವೆ. ಆ ಹಾಳೆಯಲ್ಲಿ "ಅಮ್ಮನಿಗೆ ಸಮಾಧಾನ" ಇತ್ತು, "ವೀಸಾಕ್ಕೆ ಅನುಕೂಲ" ಇತ್ತು. "ನೀನು ಬಿಟ್ಟು ಹೋದರೆ ನಾನು ಬೀದಿಗೆ ಬರುತ್ತೇನೆ" ಅನ್ನುವುದು ಇರಲಿಲ್ಲ. ನನ್ನ ತಲೆಯಲ್ಲಿ ಹಗಲೂ ರಾತ್ರಿ ಇದ್ದದ್ದು ಅದೊಂದೇ.

ಆಮೇಲೆ ಗಡುವು. "ಈ ಹುತ್ತರಿ ಒಳಗೆ ಹೇಳಿಬಿಡೋಣ" ಅಂದೆವು. ಕೊಡಗಿನ ಸುಗ್ಗಿಹಬ್ಬ ಹುತ್ತರಿ ಬಂತು, ಕದಿರು ತೆಗೆದರು, ಊಟ ಮಾಡಿದೆವು, ಕೊಯ್ಲು ಶುರುವಾಯಿತು. ಗಡುವು ಮೀರಿದರೆ ಯಾರಿಗೂ ಏನೂ ನಷ್ಟವಿಲ್ಲದಿದ್ದರೆ ಅದು ಬರೀ ಕ್ಯಾಲೆಂಡರಿನ ತಾರೀಖು.

ಮೈಸೂರಿನಲ್ಲಿ ಆಪ್ತ ಸಮಾಲೋಚಕಿಯ ಹತ್ತಿರ ಹೋದೆವು. ಒಂದು ಸಲಕ್ಕೆ ಒಂದೂವರೆ ಸಾವಿರದ ಆಸುಪಾಸು, ಪೆಟ್ರೋಲ್, ಊಟ ಸೇರಿ ಒಟ್ಟು ಇಪ್ಪತ್ತೈದು ಸಾವಿರ ಮುಟ್ಟಿರಬೇಕು. ಜಗಳ ಆಡುವ ರೀತಿ ಸುಧಾರಿಸಿತು, ಅದು ಸುಳ್ಳಲ್ಲ. ಆದರೆ ತೀರ್ಮಾನ ನಿಮ್ಮದೇ ಅಂತ ಅವರು ಸರಿಯಾಗಿಯೇ ಹೇಳಿ ಕಳಿಸಿದರು. ಜಗಳ ಬಗೆಹರಿಸಲು ಹೋಗುವವರು ಖಂಡಿತ ಹೋಗಿ. ಬೇಕೋ ಬೇಡವೋ ತಿಳಿಯಲು ಮಾತ್ರ ಆ ದಾರಿ ಸಾಲದು.

ಮಳೆಗಾಲದಲ್ಲಿ ಬೇರೆ ಬೇರೆ ಇದ್ದು ನೋಡುವುದೂ ಆಯಿತು. ನಾನು ಅಮ್ಮನ ಮನೆಗೆ ಹೋದೆ, ಅವನು ತೋಟದಲ್ಲಿ ಉಳಿದ. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಜಿಲ್ಲೆಯ ಆ ತುದಿಗೊಬ್ಬರು ಈ ತುದಿಗೊಬ್ಬರು. ನೆನಪಾಗುತ್ತೆ, ಮನಸ್ಸು ಕರಗುತ್ತೆ, ಮಳೆ ಒಂದಿಷ್ಟು ಹೊಳವಾದ ಕೂಡಲೇ ವಾಪಸ್. ಕೊಡಗಿನ ಆಷಾಢದಲ್ಲಿ ಒಂಟಿಯಾಗಿ ಕೂತವರಿಗೆ ಯಾರನ್ನು ಕಂಡರೂ ಬೇಕು ಅನ್ನಿಸುತ್ತೆ. ಆ ಹೊತ್ತಿನ ಹಂಬಲವನ್ನು ಉತ್ತರ ಅಂದುಕೊಳ್ಳಬೇಡಿ. ಅಮ್ಮ ಜಾತಕವನ್ನೂ ತೋರಿಸಿದರು. ಹೊಂದಿಕೆಯಾಯಿತು. ಅದರಿಂದ ನಮಗೆ ಹೊಸದೇನೂ ತಿಳಿಯಲಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ನನಗೆ ಹೊಳೆದದ್ದು ಒಂದೇ ಮಾತು. ನಾವು "ಮದುವೆ ಆಗೋಣವಾ" ಅಂತ ಕೇಳಿಕೊಳ್ಳುವಾಗಲೆಲ್ಲ ಅದರ ಅಡಿಯಲ್ಲಿ ಬೇರೊಂದು ಪ್ರಶ್ನೆ ಇತ್ತು: ಬಿಟ್ಟು ಹೋಗಲು ನನಗೆ ಆಗುತ್ತಾ? ಬಿಡಲು ಆಗದವರು ಹೇಳುವ "ಇರುತ್ತೇನೆ" ಅನ್ನುವ ಮಾತಿಗೆ ಬೆಲೆ ಎಷ್ಟು? ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಸ್ಕಾಟ್ ಸ್ಟ್ಯಾನ್ಲಿ, ಗೆಲೀನಾ ರೋಡ್ಸ್, ಹೊವರ್ಡ್ ಮಾರ್ಕ್‌ಮನ್ 2006ರಲ್ಲಿ ಬರೆದದ್ದೂ ಇದೇ: ಒಟ್ಟಿಗೆ ಇದ್ದಷ್ಟೂ ಬಿಡುವ ಖರ್ಚು ಏರುತ್ತದೆ, ಕೆಲವು ಜೋಡಿಗಳು ಆರಿಸಿಕೊಳ್ಳದೆಯೇ ಮದುವೆಯವರೆಗೆ ಜಾರಿಬಿಡುತ್ತವೆ. ಅದನ್ನು ಓದುವ ಮೊದಲೇ ನಾನು ನನ್ನ ಬ್ಯಾಂಕ್ ಪಾಸ್‌ಬುಕ್ಕಿನಿಂದ ಅದನ್ನು ಕಲಿತಿದ್ದೆ.

ನನ್ನ ಸ್ಥಿತಿ ಹೀಗಿತ್ತು. ಪಿಎಫ್ ತೆಗೆದು, ಒಡವೆ ಅಡವಿಟ್ಟು ಸುಮಾರು ಏಳು ಲಕ್ಷ ಹಾಕಿದ್ದೆ. ಸ್ಪ್ರಿಂಕ್ಲರ್ ಸೆಟ್ಟು, ಕೆರೆ ಆಳ ಮಾಡಿಸಿದ್ದು, ಲೈನ್ ಮನೆಯ ಹೆಂಚು, ಬಾತ್‌ರೂಮು. ಎಲ್ಲವೂ ನಿಂತಿರುವುದು ಜಮ್ಮಾ ಜಾಗದ ಮೇಲೆ, ಅಂದರೆ ಒಕ್ಕಕ್ಕೆ (ಕೊಡವರ ಕೂಡುಕುಟುಂಬಕ್ಕೆ) ಒಟ್ಟಾಗಿ ಸೇರಿದ ಜಾಗ. ಆರ್‌ಟಿಸಿ (ಪಹಣಿ) ಒಕ್ಕದ ಪಟ್ಟೇದಾರರಾದ, ಅಂದರೆ ಹಿರಿಯ ಯಜಮಾನರಾದ ದೊಡ್ಡಪ್ಪನ ಹೆಸರಲ್ಲಿ, ಜೊತೆಗೆ ಒಂದು ಸಾಲು ದಾಯಾದಿಗಳು. ಅವನ ಹೆಸರಿಗೇ ಒಂದು ಸೆಂಟ್ ಬಿಡಿಯಾಗಿ ಇಲ್ಲ, ಇನ್ನು ನನ್ನದೆಲ್ಲಿ? ಬಿಲ್ಲುಗಳೆಲ್ಲ ಅವನ ಹೆಸರಲ್ಲಿ. ನಾಳೆ ಎದ್ದು ಹೊರಟರೆ ಜೀಪೊಂದು ಬಿಟ್ಟು ನನ್ನದು ಅನ್ನುವುದು ಏನೂ ಇರಲಿಲ್ಲ. ಮದುವೆಯಾದರೆ ಇದು ಸರಿಹೋಗುತ್ತೆ ಅಂತ ಎಲ್ಲರೂ ಅಂದರು. ಇಲ್ಲ, ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ ಮೊದಲ ದರ್ಜೆಯ ವಾರಸುದಾರಳು ನಿಜ, ಅದು ಗಂಡ ತೀರಿಕೊಂಡ ಮೇಲೆ, ಅವನ ಪಾಲಿಗೆ ಮಾತ್ರ. ಬದುಕಿದ್ದಾಗ ನನ್ನ ಏಳು ಲಕ್ಷಕ್ಕೆ ತಾಳಿ ರಶೀದಿ ಆಗುವುದಿಲ್ಲ. ರಶೀದಿಗೆ ರಶೀದಿಯೇ ಬೇಕು.

ಅಲ್ಲಿಂದ ವಿಧಾನ ಹುಟ್ಟಿತು. ಮದುವೆಯಿಂದ ಏನೇನು ಬೇಕು ಅಂದುಕೊಂಡಿದ್ದೇವೋ ಎಲ್ಲವನ್ನೂ ಬರೆಯುವುದು. ಅದರಲ್ಲಿ ಕಾಗದದಿಂದ ಆಗುವುದನ್ನೆಲ್ಲ ಮೊದಲು ಮಾಡಿ ಮುಗಿಸುವುದು. ಇಬ್ಬರಿಗೂ ಹೊರಟುಹೋಗುವಷ್ಟು ಹಣ ಕೈಯಲ್ಲಿರುವ ಹಾಗೆ ಮಾಡುವುದು. ಆಮೇಲೆ ಉಳಿದದ್ದು ಎಷ್ಟೋ ಅದರ ಬಗ್ಗೆ ಮಾತ್ರ ಮದುವೆಯ ಪ್ರಶ್ನೆ ಕೇಳುವುದು.

2022ರಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿಸಿ ಶುರು ಮಾಡಿದೆವು. ಮೊದಲು ಹಣ. ಬೋರ್‌ವೆಲ್ ಸಮಯದಲ್ಲಿ ನಾನು ಅವನ ಖಾತೆಗೆ ಮೂರು ಲಕ್ಷದಷ್ಟು ಹಾಕಿದ್ದೆ. ಅದನ್ನು ನೋಡಿ ಆಡಿಟರ್, "ಇದೇನಮ್ಮಾ, ಗಿಫ್ಟಾ ಸಾಲವಾ?" ಅಂತ ಕೇಳಿದರು. ಆಗ ತಿಳಿಯಿತು: ಆದಾಯ ತೆರಿಗೆಯ ಕಣ್ಣಿಗೆ ನಾವು ಸಂಬಂಧಿಕರಲ್ಲ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಉಡುಗೊರೆ ಬಂದರೆ ಪೂರ್ತಿ ಮೊತ್ತ ಪಡೆದವರ ಆದಾಯ. ಗಂಡ ಹೆಂಡತಿಗೆ ಆ ತೆರಿಗೆ ಇಲ್ಲ. ಆದರೆ ಅವರಿಗೆ ಬೇರೆ ಗಂಟಿದೆ: ಗಂಡ ಹೆಂಡತಿಗೆ ಕೊಟ್ಟ ಹಣದಿಂದ ಬಂದ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ತೆರಿಗೆಗಾಗಿ ಮದುವೆಯಾಗುವವರು ಎರಡೂ ಕಡೆ ನೋಡಿ.

ನಾವು ಹಳೆಯದನ್ನೆಲ್ಲ ಒಟ್ಟು ಹಾಕಿ ಸಾಲಪತ್ರ ಮಾಡಿದೆವು. ಎಲ್ಲವೂ ಬ್ಯಾಂಕ್ ಮೂಲಕ ಹೋಗಿದ್ದರಿಂದ ಬಚಾವ್. ಕೈಗಡವಾಗಿ ನೋಟು ಕೊಟ್ಟವರಿಗೆ ಇಲ್ಲೇ ಕಷ್ಟ, 20,000 ಅಥವಾ ಅದಕ್ಕೂ ಮೇಲ್ಪಟ್ಟ ಸಾಲವನ್ನು ಸಾಮಾನ್ಯವಾಗಿ ನಗದಿನಲ್ಲಿ ಪಡೆಯುವಂತಿಲ್ಲ. ಅವನು ನನಗೆ ಕೊಡಬೇಕಾದದ್ದು ಆರು ಲಕ್ಷದ ಹತ್ತಿರ ಬಂತು. ಸಾಲಪತ್ರ ಬರೆದು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ. ಮೂರು ವರ್ಷದ ಕಾಲಮಿತಿ ಇದೆ. ಅದರೊಳಗೆ ಒಂದಿಷ್ಟು ವಾಪಸ್ ಬರಬೇಕು ಅಥವಾ ಬಾಕಿ ಇದೆ ಅಂತ ಸಹಿ ಬೀಳಬೇಕು.

ದುಡಿಮೆಯ ಲೆಕ್ಕ ಇದಕ್ಕಿಂತ ಕಷ್ಟ. ಅಡುಗೆ, ಗೆಸ್ಟ್‌ಗಳ ಹಾಸಿಗೆ, ಆಳುಗಳ ಬಟವಾಡೆ, ಇವನ್ನು ಹೇಗೆ ಎಣಿಸುವುದು? ನಾನು ತೋಟದ ಚೆಕ್‌ರೋಲ್ ಪುಸ್ತಕವನ್ನೇ ಒಂದು ಹೆಚ್ಚಿಗೆ ತಂದೆ. ಆಳುಗಳಿಗೆ ಹಾಕುವ ಹಾಗೆಯೇ ನಮ್ಮಿಬ್ಬರ ಹೆಸರು ಬರೆದು ದಿನಾ ಪೂರ್ತಿ, ಅರ್ಧ, ರಜಾ ಅಂತ ಗುರುತು. ಆಗ ಹೊರಗಿನ ಆಳಿಗೆ ದಿನಕ್ಕೆ ನಾನೂರೈವತ್ತರ ಆಸುಪಾಸು ಕೊಡುತ್ತಿದ್ದೆವು, ಅದನ್ನೇ ನಮಗೂ ಹಿಡಿದೆವು. ಕೊಯ್ಲಿನ ತಿಂಗಳುಗಳಲ್ಲಿ ಇಬ್ಬರೂ ಸಮ. ಮಳೆಗಾಲದಲ್ಲಿ ಅವನದು ಅರ್ಧ, ನನ್ನದು ಪೂರ್ತಿ, ಯಾಕಂದರೆ ಗೆಸ್ಟ್‌ಗಳು ಬರುವುದು ಮಳೆ ನೋಡಲಿಕ್ಕೇ. ಅವನು ಪುಸ್ತಕ ನೋಡಿ ಒಂದು ವಾರ ಹೆಚ್ಚು ಮಾತಾಡಲಿಲ್ಲ, ಆಮೇಲೆ ಬೆಳಗಿನ ತಿಂಡಿ ತನ್ನ ಕಡೆಗೆ ಹಾಕಿಕೊಂಡ. ಈಗಲೂ ನಮ್ಮಲ್ಲಿ ಕಡಂಬುಟ್ಟು, ನೂಲ್‌ಪುಟ್ಟು ಅವನದೇ. ಅಡುಗೆಮನೆ ಕೆಲಸಕ್ಕೆ ರಾತ್ರಿ ಪಾಳಿ ದರ ಹೇಗೆ ಕಟ್ಟಿದೆವು ಅನ್ನುವುದು ನನ್ನ ಹತ್ತಿರವೇ ಇರಲಿ. ಅದು ಒಬ್ಬೊಬ್ಬರ ಮನೆಗೆ ಒಂದೊಂದು ರೀತಿ, ಬರೆದುಕೊಟ್ಟರೆ ಹಾಗೆಯೇ ಎತ್ತಿಕೊಂಡು ಕೆಡಿಸುತ್ತೀರಿ.

ಮೂರನೆಯದು ದಾರಿಖರ್ಚು. ಈ ಹೆಸರಲ್ಲಿ ಇಬ್ಬರೂ ಬೇರೆ ಬೇರೆ ಖಾತೆ ತೆರೆದು ತಲಾ ಒಂದೂವರೆ ಲಕ್ಷ ಇಟ್ಟೆವು. ಮೈಸೂರಿನಲ್ಲಿ ಒಂದು ಸಣ್ಣ ಮನೆಯ ಅಡ್ವಾನ್ಸು, ನಾಲ್ಕಾರು ತಿಂಗಳ ಬಾಡಿಗೆ, ಊಟ. ನಡುವೆ ಯಾವ ಕಾರಣಕ್ಕೂ ಅದಕ್ಕೆ ಕೈ ಹಾಕುವಂತಿಲ್ಲ, ಪಂಪ್ ಸುಟ್ಟರೂ ಇಲ್ಲ. ಎಲ್ಲರೂ ಹೆದರಿಸಿದ್ದು ಈ ಖಾತೆಯ ಬಗ್ಗೆಯೇ. ಅಮ್ಮ, "ಬಾಗಿಲು ತೆಗೆದಿಟ್ಟು ಸಂಸಾರ ಮಾಡ್ತಾರೇನೇ?" ಅಂದರು. ಖಾತೆ ತೆರೆದ ಮೇಲೆ ನಮ್ಮ ಜಗಳಗಳು ಅರ್ಧಕ್ಕರ್ಧ ಕಡಿಮೆಯಾದವು. "ನನ್ನನ್ನು ಕಟ್ಟಿಹಾಕಿದ್ದೀಯ" ಅನ್ನುವ ಮಾತಿಗೆ ಮನೆಯಲ್ಲಿ ಜಾಗವೇ ಇಲ್ಲದಾಯಿತು.

ಆಮೇಲೆ ಉಯಿಲು. ಇಬ್ಬರೂ ಬರೆದೆವು. ಎರಡು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ. ನಾವು ಮಾಡಿಸಿದೆವು, ಯಾಕಂದರೆ ದಾಯಾದಿಗಳು ಹೆಚ್ಚು. ಹಿಂದೂಗಳಲ್ಲಿ ಆಮೇಲೆ ಮದುವೆಯಾದರೂ ಉಯಿಲು ರದ್ದಾಗುವುದಿಲ್ಲ, ಹಾಗಾಗಿ ದುಡ್ಡು ವ್ಯರ್ಥವಲ್ಲ. ಪಿಎಫ್ ಮಾತ್ರ ಬೇರೆ: ಕುಟುಂಬ ಇಲ್ಲದವರು ಯಾರ ಹೆಸರನ್ನೂ ನಾಮಿನಿ ಮಾಡಬಹುದು, ಮದುವೆಯಾದ ಕೂಡಲೇ ಆ ನಾಮಿನೇಷನ್ ಬಿದ್ದುಹೋಗುತ್ತದೆ, ಹೊಸದಾಗಿ ಹಾಕಬೇಕು. ವಕೀಲರು, ಆಡಿಟರ್, ಛಾಪಾ ಕಾಗದ ಎಲ್ಲ ಸೇರಿ ಇಪ್ಪತ್ತು ಸಾವಿರದೊಳಗೆ ಮುಗಿಯಿತು. ಮೈಸೂರಿನ ಓಡಾಟಕ್ಕಿಂತ ಅಗ್ಗ.

ಆ ಕೊಯ್ಲಿನಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆವು. ಇದು ವಿಧಾನಕ್ಕೆ ಸೇರಿದ್ದಲ್ಲ, ಆದರೂ ಹೇಳಬೇಕು. ಕಣದಲ್ಲಿ ಒಣಗಿದ ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಸಮನಾಗಿ ಎರಡು ಪಾಲು ಮಾಡಿ, ಅವನ ಪಾಲು ಅವನಿಷ್ಟ, ನನ್ನ ಪಾಲು ನನ್ನಿಷ್ಟ ಅಂತ ಬಿಟ್ಟೆವು. ಒಬ್ಬರು ಇನ್ನೊಬ್ಬರಿಗೆ ಸಲಹೆ ಕೊಡುವಂತಿಲ್ಲ. ಅವನು ಔಟ್‌ಟರ್ನ್, ಅಂದರೆ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವುದನ್ನು ನೋಡಿಸಿ ಕಣದಲ್ಲೇ ಮಾರಿದ, ಚೀಲಕ್ಕೆ ಐದು ಸಾವಿರದ ಆಸುಪಾಸು. ನಾನು ಮೂಟೆ ಕಟ್ಟಿ ಅಟ್ಟದಲ್ಲಿಟ್ಟೆ. ಮಳೆಗಾಲದ ಹೊತ್ತಿಗೆ ಆರು ಸಾವಿರ ದಾಟಿತ್ತು, ಆಗ ಅರ್ಧ ಕೊಟ್ಟೆ. ನನ್ನ ಆಯ್ಕೆ ಸರಿಯಾಗಿತ್ತು, ಮರುವರ್ಷ ಅದೇ ಚೆರಿ ಹತ್ತು ಸಾವಿರದ ಹತ್ತಿರ ಹೋದದ್ದು ಎಲ್ಲರಿಗೂ ಗೊತ್ತು. ನಾನು ನೋಡಬೇಕಿದ್ದದ್ದು ಲಾಭವನ್ನಲ್ಲ, ಅವನ ಮುಖವನ್ನು. ಅವನು ಗೋಣಿಕೊಪ್ಪದಲ್ಲಿ ಸಿಕ್ಕಿದವರಿಗೆಲ್ಲ "ನಮ್ಮವಳು ಹಿಡಿದಿಟ್ಟಳು" ಅಂತ ಹೇಳಿಕೊಂಡು ಬಂದ. ಉಳಿದರ್ಧವನ್ನು ನಾನು ಹುರಿದು ಪುಡಿ ಮಾಡಿ ಗೆಸ್ಟ್‌ಗಳಿಗೆ ಮಾರಲು ಹೋದೆ. ಪ್ಯಾಕೆಟ್ಟಿಗೆ ತೇವ ಹಿಡಿದು ಮೂವತ್ತು ನಲವತ್ತು ಸಾವಿರ ಹೋಯಿತು. ಜೊತೆಗೆ, ಚೆರಿಯಾಗಿ ಮಾರಿದರೆ ಕೃಷಿ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಅದರಲ್ಲಿ ಶೇ 40 ವ್ಯಾಪಾರದ ಆದಾಯ ಅಂತ ಆಡಿಟರ್ ಇನ್ನೊಂದು ಪಾಠ ಹೇಳಿದರು. ಈ ನಷ್ಟದಲ್ಲಿ ಅವನು ಕೇಳದೆಯೇ ಅರ್ಧ ತುಂಬಿಕೊಟ್ಟ. ನನಗೆ ಸಿಟ್ಟು ಬಂತು. ಬಿಡಿಸಿಟ್ಟ ಲೆಕ್ಕ ಮತ್ತೆ ಗೋಜಲಾಗುತ್ತೆ ಅಂತ ವಾಪಸ್ ಕಳಿಸಿದೆ. ಅವನ ಖಾತೆಯಿಂದ ಹಣ ಬಂದು ಹೋದ ಆ ಎರಡು ಎಂಟ್ರಿಯಿಂದ ನಾನು ಅವನ ಬಗ್ಗೆ ತಿಳಿದದ್ದು, ಹಿಂದಿನ ನಾಲ್ಕು ವರ್ಷದ ಮಾತಿನಲ್ಲಿ ತಿಳಿದಿರಲಿಲ್ಲ.

ಕೊಯ್ಲು ಮುಗಿಯುವಷ್ಟರಲ್ಲಿ ಕಾಗದಗಳೆಲ್ಲ ಆಗಿದ್ದವು. ಈಗ ಪಟ್ಟಿ ತೆಗೆದು ನೋಡಿದರೆ ಮದುವೆಯಿಂದ ಮಾತ್ರ ಆಗುವಂಥದ್ದು ಸ್ವಲ್ಪವೇ ಉಳಿದಿತ್ತು. ಮುಂದೆ ಪಾಲಾಗಿ ಅವನ ಹೆಸರಿಗೆ ಜಾಗ ಬಂದು, ಅದರಲ್ಲಿ ನನಗೆ ಕೊಡಬೇಕೆಂದರೆ, ಹೆಂಡತಿಗೆ ದಾನಪತ್ರದ ಮುದ್ರಾಂಕ ಶುಲ್ಕ ಕೆಲವೇ ಸಾವಿರ, ಹೊರಗಿನವಳಿಗೆ ಕ್ರಯಪತ್ರದಷ್ಟೇ. ಇದು ಒಂದು. ಮಗು ಎರಡನೆಯದು. ನಮಗೆ ದತ್ತು ತೆಗೆದುಕೊಳ್ಳುವ ಮನಸ್ಸಿತ್ತು. ಜೋಡಿಯಾಗಿ ದತ್ತು ಪಡೆಯಲು ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕು ಅಂತ ನಿಯಮ. ಜೊತೆಗಿದ್ದ ವರ್ಷಗಳು ಅದಕ್ಕೆ ಲೆಕ್ಕವಿಲ್ಲ, ಮದುವೆಯ ದಿನದಿಂದ ಎಣಿಕೆ. ಮೂವತ್ತೈದು ದಾಟಿದವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮೂರನೆಯದು ಅವನಿಗೆ ಸೇರಿದ್ದು: ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಮೂಲಪುರುಷ ಗುರುಕಾರಣನಿಗೆ ಮೀದಿ (ಎಡೆ) ಇಡುವ ದಿನ ನಾನು ಯಾರಾಗಿ ನಿಲ್ಲಬೇಕು ಅನ್ನುವುದು. ಬೇರೆ ಜಾತಿಯವಳು ಅನ್ನುವ ಮಾತು ಹೇಗೂ ಇತ್ತು, ಅದನ್ನು ಮದುವೆಯೂ ಪೂರ್ತಿ ಅಳಿಸುವುದಿಲ್ಲ. ಆದರೂ ಅವನಿಗೆ ಅದು ದೊಡ್ಡದು. ನನಗೆ ಉಳಿದದ್ದು ಒಂದು ಭಯ: ಮದುವೆಯಾದ ಮರುದಿನದಿಂದ ಹೋಮ್‌ಸ್ಟೇ ಅವನದಾಗಿ, ನಾನು ಅಡುಗೆಯವಳಾಗುತ್ತೇನಾ ಅಂತ.

ಈ ನಾಲ್ಕರ ಮೇಲೆ ಲಕೋಟೆ. ವರ್ಷದಲ್ಲಿ ಮೂರು ಸಲ ಇಬ್ಬರೂ ಬೇರೆ ಬೇರೆ ಕೂತು ಬರೆಯುವುದು: ಬೇಕೋ ಬೇಡವೋ, ಯಾಕೆ ಅನ್ನುವ ಒಂದು ಸಾಲು, ಮತ್ತೆ "ಅವಳು/ಅವನು ಏನು ಬರೆದಿರಬಹುದು" ಅನ್ನುವ ಊಹೆ. ಅಂಟಿಸಿ ಮೂರನೆಯವರ ಕೈಗೆ. ಮೂರೂ ಆಗುವವರೆಗೆ ತೆರೆಯುವಂತಿಲ್ಲ, ಅದರ ಬಗ್ಗೆ ಮಾತಾಡುವಂತಿಲ್ಲ. ಒಬ್ಬೊಬ್ಬರೂ ತಮ್ಮ ಮೂರರಲ್ಲಿ ಕನಿಷ್ಠ ಎರಡು ಸಲ "ಬೇಕು" ಅಂದಿರಬೇಕು, ಕೊನೆಯ ಸಲ ಇಬ್ಬರದೂ ಒಂದೇ ಇರಬೇಕು. ಇಲ್ಲದಿದ್ದರೆ ಬೇಡ ಅಂತಲೇ ತೀರ್ಮಾನ, ಮುಂದೂಡುವುದಿಲ್ಲ. ಲಕೋಟೆಯಲ್ಲಿ ನಾಲ್ಕನೇ ಸಾಲೊಂದಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಓದಿಕೊಂಡು ಬಂದವರು ಉತ್ತರ ಸಿದ್ಧ ಮಾಡಿಕೊಂಡು ಬರುತ್ತಾರೆ, ಆಗ ಆ ಸಾಲು ಕೆಲಸಕ್ಕೆ ಬರುವುದಿಲ್ಲ.

ಸಮಯ ಆರಿಸಿದ್ದು ನಾನು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಮೊದಲನೆಯದು ಕಾಫಿ ಅರಳಿಸುವ ಹೂಮಳೆ ಬಿದ್ದು ತೋಟ ಬೆಳ್ಳಗಾದ ಮೇಲೆ, ಕೊಯ್ಲಿನ ದುಡ್ಡು ಕೈಯಲ್ಲಿರುವಾಗ. ಎರಡನೆಯದು ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ, ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ ಉಂಡ ಮಾರನೇ ದಿನ. ಆಗ ದುಡ್ಡು ಕರಗಿರುತ್ತೆ, ಬಟ್ಟೆ ಒಣಗುವುದಿಲ್ಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸಾಕಾಗಿರುತ್ತೆ. ಮೂರನೆಯದು ಹುತ್ತರಿ ಆದ ಮೇಲೆ, ನೆಂಟರೆಲ್ಲ ವಾಪಸ್ ಹೋದ ನಂತರ. ಮನಸ್ಸಿನ ಮೂರು ಹವಾಮಾನದಲ್ಲೂ ಉಳಿದದ್ದು ನಿಜವಾದ ಉತ್ತರ.

ತೆರೆದಾಗ ಹೀಗಿತ್ತು. ಹೂಮಳೆಯ ಲಕೋಟೆಯಲ್ಲಿ ನಾನು "ಬೇಡ" ಅಂದಿದ್ದೆ. ಕಾರಣ: ಒಬ್ಬಳೇ ನಿಲ್ಲಬಲ್ಲೆ ಅನ್ನುವುದು ಈಗಷ್ಟೇ ಗೊತ್ತಾಗಿದೆ, ಸ್ವಲ್ಪ ದಿನ ಹಾಗೇ ಇರಲಿ. ಅವನು "ಬೇಕು" ಅಂದಿದ್ದ, ನಾನೂ "ಬೇಕು" ಅನ್ನುತ್ತೇನೆ ಅಂತ ಊಹಿಸಿದ್ದ. ಕಕ್ಕಡದಲ್ಲಿ ನಾನು "ಬೇಕು", ಮಗುವಿನ ಕಾರಣಕ್ಕೆ. ಅವನು "ಬೇಡ"! "ಅವಳು ನಮ್ಮ ಮನೆಯವರಿಗಾಗಿ ಒಪ್ಪುತ್ತಿದ್ದಾಳೆ, ಅಂಥ ಒಪ್ಪಿಗೆ ನನಗೆ ಬೇಡ" ಅಂತ ಬರೆದಿದ್ದ. ಆ ಸಲ ಇಬ್ಬರ ಊಹೆಯೂ ತಪ್ಪು. ಏಳೆಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ನಾವು, ಇನ್ನೊಬ್ಬರ ಮನಸ್ಸು ಗೊತ್ತು ಅಂತ ಆಣೆ ಮಾಡುತ್ತಿದ್ದವರು. ನಮ್ಮ ವಿಧಾನದಲ್ಲಿ ಅತಿ ಉಪಯೋಗದ ಭಾಗ ಈ ಊಹೆಯ ಸಾಲೇ ಅಂತ ನನ್ನ ಅಭಿಪ್ರಾಯ. ಉತ್ತರಕ್ಕಿಂತ ಊಹೆ ಹೆಚ್ಚು ಹೇಳುತ್ತದೆ. ಹುತ್ತರಿಯ ಲಕೋಟೆಯಲ್ಲಿ ಇಬ್ಬರೂ "ಬೇಕು", ಇಬ್ಬರ ಊಹೆಯೂ ಸರಿ. ನನ್ನ ಸಾಲು: "ದಾರಿಖರ್ಚು ಖಾತೆಯಲ್ಲಿ ಹಣವಿದೆ, ಹೋಗಬೇಕು ಅನ್ನಿಸಲಿಲ್ಲ." ಅವನದು: "ಹೋಮ್‌ಸ್ಟೇ ಬೋರ್ಡಿನಲ್ಲಿ ಅವಳ ಹೆಸರು ಮೊದಲು ಬರಲಿ." ನಾನು ಆ ಭಯದ ಬಗ್ಗೆ ಅವನಿಗೆ ಒಮ್ಮೆಯೂ ಹೇಳಿರಲಿಲ್ಲ.

ಮದುವೆಯ ಕೆಲಸ ಸುಲಭ, ಒಂದು ಎಚ್ಚರಿಕೆ ಬಿಟ್ಟು. ಇಬ್ಬರೂ ಹಿಂದೂಗಳಾದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಬರೀ ರಿಜಿಸ್ಟರ್ ಮಾಡಿಸಿದರೆ ಸಾಕು ಅಂತ ಸರ್ಟಿಫಿಕೇಟ್ ಮಾಡಿಕೊಡುವವರಿದ್ದಾರೆ. ಶಾಸ್ತ್ರ ನಡೆಯದ ಮದುವೆಗೆ ಆ ಕಾಯ್ದೆಯಡಿ ಬರೀ ಸರ್ಟಿಫಿಕೇಟಿನಿಂದ ಬೆಲೆ ಬರುವುದಿಲ್ಲ ಅಂತ 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಸ್ಪಷ್ಟವಾಗಿ ಹೇಳಿದೆ. ನಮಗೆ ಯಾರ ಶಾಸ್ತ್ರ ಅನ್ನುವುದೇ ತಕರಾರು. ಕೊಡವರಲ್ಲಿ ಪುರೋಹಿತರಿಲ್ಲ, ಒಕ್ಕದ ಪರವಾಗಿ ನಿಲ್ಲುವ ಅರುವ ಮಾತಾಡಿ ಸಂಬಂಧ ಕೂಡಿಸಬೇಕು. ನಮ್ಮಲ್ಲಿ ಪುರೋಹಿತರಿಲ್ಲದೆ ಆಗದು. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಕಚೇರಿಯಲ್ಲಿ ಅಂಟಿಸುತ್ತಾರೆ, 30 ದಿನ ಆಕ್ಷೇಪಣೆಗೆ ಸಮಯ, ನೋಟಿಸಿನಿಂದ ಮೂರು ತಿಂಗಳೊಳಗೆ ಮುಗಿಸಬೇಕು, ಸಾಕ್ಷಿಗಳು ಮೂವರು. ಈ ಕಾಯ್ದೆಯಲ್ಲಾದರೆ ಕುಟುಂಬದ ಪಾಲು ಹೋಗುತ್ತೆ ಅಂತ ದಾಯಾದಿಯೊಬ್ಬರು ಹೆದರಿಸಿದರು. ಇಬ್ಬರೂ ಹಿಂದೂಗಳಾದರೆ ಹಾಗಿಲ್ಲ, 1976ರ ತಿದ್ದುಪಡಿಯಿಂದ ಅದು ಸರಿಹೋಗಿದೆ. ಸಣ್ಣ ಊರಲ್ಲಿ ನೋಟಿಸ್ ಅಂಟಿಸಿದರೆ ಸುದ್ದಿ ಸಂಜೆಯೊಳಗೆ ಎರಡೂ ಮನೆಗೆ ಮುಟ್ಟುತ್ತೆ, ಅದಕ್ಕೇ ಮೊದಲೇ ನೀವೇ ಹೋಗಿ ಹೇಳಿ. ಆಮೇಲೆ ಮನೆಯಂಗಳದಲ್ಲಿ ನೂರೈವತ್ತು ಜನಕ್ಕೆ ಊಟ, ಪಂದಿಕರಿ ಒಂದು ಕಡೆ, ನಮ್ಮವರಿಗೆ ಸಸ್ಯಾಹಾರ ಇನ್ನೊಂದು ಕಡೆ. ಒಂದೂವರೆ ಲಕ್ಷ ಆಗಿರಬೇಕು. ದಾರಿಖರ್ಚಿನಿಂದ ತೆಗೆಯಲಿಲ್ಲ. ಆ ಎರಡು ಖಾತೆ ಈಗಲೂ ಇವೆ. ದೊಡ್ಡಪ್ಪ ಊಟದ ದಿನ ನಾಲ್ಕು ಜನರ ಮುಂದೆ "ಇವಳ ಲೆಕ್ಕ ಸರಿ" ಅಂದರು.

ನಮ್ಮ ನಂತರ ಇದನ್ನು ಮಾಡಿದವರಲ್ಲಿ ಎರಡು ಜೋಡಿಗಳ ಕತೆ ಪೂರ್ತಿ ನನಗೆ ಗೊತ್ತು. ವಿರಾಜಪೇಟೆ ಕಡೆಯವರು ಕಾಗದವೆಲ್ಲ ಮುಗಿಸಿ ಪಟ್ಟಿ ನೋಡಿದರೆ ಮದುವೆಯಿಂದಲೇ ಆಗಬೇಕಾದ್ದು ಅವರಿಗೆ ಏನೂ ಉಳಿದಿರಲಿಲ್ಲ. ಮೂರೂ ಲಕೋಟೆಯಲ್ಲಿ "ಬೇಡ". ಒಟ್ಟಿಗೇ ಇದ್ದಾರೆ, ಉಯಿಲಿದೆ, ನೆಮ್ಮದಿಯಾಗಿದ್ದಾರೆ. ಇನ್ನೊಂದು ಜೋಡಿ ಎರಡನೇ ಲಕೋಟೆಗೆ ಮೊದಲೇ ಬೇರೆಯಾದರು. ಸಾಲಪತ್ರದ ಪ್ರಕಾರ ಅವಳ ಹಣ ಬಂತು, ಅವಳು ಹೊರಟಳು. ಅದಕ್ಕೆ ನನ್ನನ್ನು ಬೈದವರಿದ್ದಾರೆ. ಹಣವಿಲ್ಲದೆ ಉಳಿದುಕೊಂಡಿದ್ದರೆ ಅವಳೂ ಒಂದು ದಿನ ತಾಳಿ ಕಟ್ಟಿಸಿಕೊಳ್ಳುತ್ತಿದ್ದಳು, ಎಲ್ಲರೂ ಅಕ್ಷತೆ ಹಾಕುತ್ತಿದ್ದರು. ಅವಳು ಹೋದದ್ದೂ ಈ ವಿಧಾನ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಅಂತಲೇ ನಾನು ಹೇಳುವುದು.

ಈ ವರ್ಷ ಶುರು ಮಾಡುವವರಿಗೆ: ಸಾಲಪತ್ರದ ನಮೂನೆ ಕೇಳಿದವರಿಗೆ ಕೊಡುತ್ತೇನೆ, ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿಕೊಳ್ಳಿ. ಕೊಯ್ಲು ಆರಂಭವಾಗುವ ಮೊದಲೇ ಹಳೆಯ ಲೆಕ್ಕ ಒಪ್ಪಿಕೊಂಡಿರಿ. ಚೆರಿ ಕಣಕ್ಕೆ ಬಂದು ರೇಟು ಏರತೊಡಗಿದ ಮೇಲೆ ಯಾರಿಗೂ ಹಳೆಯ ಬಾಕಿ ನೆನಪಾಗುವುದಿಲ್ಲ. ಲಕೋಟೆ ಹಿಡಿದುಕೊಳ್ಳಲು ಇಬ್ಬರಲ್ಲಿ ಯಾರ ನೆಂಟರೂ ಬೇಡ. ನಮ್ಮವನ್ನು ಇಟ್ಟುಕೊಂಡಿದ್ದು ತೋಟದ ರೈಟರ್ (ಗುಮಾಸ್ತ), ಬಟವಾಡೆ ಪುಸ್ತಕದ ಜೊತೆ ಬೀಗ ಹಾಕಿ. ನಾಲ್ಕನೇ ಸಾಲು ಬೇಕಾದವರು ಇಬ್ಬರೂ ಒಟ್ಟಿಗೆ ಬನ್ನಿ, ಒಬ್ಬರೇ ಬಂದರೆ ಹೇಳುವುದಿಲ್ಲ.